ಬೆಳ್ಳಿ ಡಾಲರಿನ ಆಂಟಿ

ಆಂಟಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಮಗಳಿಗೆ ಇಷ್ಟವಾಗಲಿಕ್ಕಿಲ್ಲ. ಅಲ್ಲದೆ ವೆಲ್ಲಿಂಗ್ಟನ್ನಿನಿಂದ ಎರಡು ಗಂಟೆ ದಾರಿಯ ಪಾಮರ್ಸ್ಟನ್ ನಾರ್ತ್‌ನಲ್ಲಿರುವ ನಾವು ಕೆಲವು ಕನ್ನಡದ ಮನೆಗಳವರು ಅವರನ್ನು ಯಾವತ್ತೂ ಹೆಸರು ಹಿಡಿದು ಕರೆದವರಲ್ಲ. ಮೈಸೂರಿನವರು, ಒಂಟಿಯಾಗಿದ್ದವರು, ಅಮೆರಿಕದ ಹಳೆಯ ನಾಣ್ಯಗಳನ್ನು ನೋಡಿ ಅಸಲಿಯೋ ಅಲ್ಲವೋ ಎಂದು ಹೇಳುತ್ತಿದ್ದವರು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರನ್ನು ಕಳಿಸಿಕೊಡಲು ಬಂದವರಲ್ಲಿ ನಮ್ಮವರಿಗಿಂತ ಕೋಟು, ಟೈ ಹಾಕಿದ ಬಿಳಿಯ ಮುದುಕರೇ ಹೆಚ್ಚಾಗಿದ್ದರು. ಇವರೆಲ್ಲ ಯಾರೆಂದು ತಿಳಿಯದೆ ನಮ್ಮವರು ಮುಖ ಮುಖ ನೋಡಿಕೊಂಡರು. ನನಗೆ ಅವರಲ್ಲಿ ಹೆಚ್ಚಿನವರು ಗೊತ್ತಿದ್ದರು. ಆದ್ದರಿಂದ ಇದನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ನಾನು ಹುಬ್ಬಳ್ಳಿಯವಳು. ಇಲ್ಲಿಗೆ ಓದಲು ಬಂದು, ಓದು ಮುಗಿದ ಮೇಲೆ ಹಾಲು ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿ ಉಳಿದವಳು. ಆಗ ನಾನು ಬಾಡಿಗೆಗಿದ್ದ ಮನೆಯ ಒಡತಿ ಮಾರ್ಗರೆಟ್ ಒಂದು ಶನಿವಾರ ಗುಂಡಿಗಳ ಡಬ್ಬಿಯೊಳಗಿಂದ ಒಂದು ಬೆಳ್ಳಿ ನಾಣ್ಯ ತೆಗೆದು ತೋರಿಸಿದರು. ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ಈ ದ್ವೀಪದಲ್ಲಿ ಬೀಡುಬಿಟ್ಟಿದ್ದರಂತೆ. ಅವರಲ್ಲೊಬ್ಬ ಮಾರ್ಗರೆಟ್‌ರ ದೊಡ್ಡಮ್ಮನಿಗೆ ಕೊಟ್ಟು ಹೋದ ಅರ್ಧ ಡಾಲರು ಅದು. ಊರಲ್ಲಿ ನಿಮ್ಮ ದೇಶದ ಹೆಂಗಸೊಬ್ಬರಿದ್ದಾರೆ, ಇಂಥವನ್ನು ನೋಡಿ ಹೇಳುತ್ತಾರಂತೆ, ಹೋಗಿ ಬರೋಣವೇ ಎಂದು ಕೇಳಿದರು. ಇಂಡಿಯಾದವರು ಅಂದರೆ ಯಾರೋ ಗುಜರಾತಿನವರಿರಬೇಕು ಅಂದುಕೊಂಡು ಹೋದೆ.

ಬಾಗಿಲು ತೆರೆದಾಗ ಒಳಗಿಂದ ಇಂಗು, ಕರಿಬೇವಿನ ಒಗ್ಗರಣೆ ವಾಸನೆ ಬಂತು. ನೂಲಿನ ಸೀರೆಯ ಮೇಲೆ ದಪ್ಪ ಕಾರ್ಡಿಗನ್ ಹಾಕಿದ್ದ ಕುಳ್ಳಗಿನ ಹೆಂಗಸು. ನನ್ನ ಹೆಸರು ಕೇಳಿದರು. ಶೈಲಾ ಪಾಟೀಲ ಎಂದೆ.

"ಯಾವ ಪಾಟೀಲರಮ್ಮ? ನಮ್ ಕಡೆ ಪಾಟೀಲರೋ, ಮಹಾರಾಷ್ಟ್ರದವರೋ?"

"ಹುಬ್ಬಳ್ಳಿಯವ್ರರೀ," ಎಂದೆ. ಮಾರ್ಗರೆಟ್ ಬಾಗಿಲಲ್ಲೇ ನಿಂತಿರುವುದನ್ನು ಇಬ್ಬರೂ ಸ್ವಲ್ಪ ಹೊತ್ತು ಮರೆತೆವು.

ಆಂಟಿ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಟವೆಲೊಂದನ್ನು ಮಡಿಸಿ ಹಾಸಿದರು, ನಾಣ್ಯ ಕೈಜಾರಿದರೂ ಅದಕ್ಕೆ ಪೆಟ್ಟಾಗಬಾರದೆಂದು. ಅಂಚು ಹಿಡಿದು ಎತ್ತಿ, ಕಣ್ಣಿಗೆ ಸಣ್ಣ ಭೂತಗನ್ನಡಿ ಸಿಕ್ಕಿಸಿಕೊಂಡು, ಕಿಟಕಿಯ ಬೆಳಕಿಗೆ ಓರೆಯಾಗಿ ತಿರುಗಿಸಿದರು. ಆಮೇಲೆ ಮಾರ್ಗರೆಟ್‌ರಿಗೆ ಇಂಗ್ಲಿಷಿನಲ್ಲಿ, ಇದು ಅಸಲಿ, ಆದರೆ ಇಂಥವು ಬೇಕಾದಷ್ಟಿವೆ, ದಯವಿಟ್ಟು ಇನ್ನು ಮೇಲೆ ಪಾಲಿಷ್ ಹಾಕಿ ತಿಕ್ಕಬೇಡಿ ಎಂದರು. ನನ್ನ ಕಡೆ ತಿರುಗಿ ದನಿ ತಗ್ಗಿಸಿದರು.

"ಯಾರೋ ಇದನ್ನ ವರ್ಷಗಟ್ಟಲೆ ಹೆಬ್ಬೆರಳಲ್ಲಿ ಸವರಿದಾರೆ ಕಣಮ್ಮ. ಒಂದು ಕಡೆ ಮಾತ್ರ ನುಣ್ಣಗಾಗಿದೆ ನೋಡು. ಜೇಬಲ್ಲಿ ಓಡಾಡಿದ್ರೆ ಎರಡೂ ಕಡೆ ಸವೀತಿತ್ತು. ಇವರ ದೊಡ್ಡಮ್ಮಂಗೆ ಆಮೇಲೆ ಮದುವೆ ಆಯ್ತಾ ಕೇಳು."

ಆಗಿರಲಿಲ್ಲ.

ಅವರ ತಂದೆಗೆ ಮೈಸೂರಿನಲ್ಲಿ ಗಡಿಯಾರ ರಿಪೇರಿಯ ಸಣ್ಣ ಅಂಗಡಿಯಿತ್ತಂತೆ. ಕಣ್ಣಿಗೆ ಗಾಜು ಸಿಕ್ಕಿಸಿಕೊಳ್ಳುವುದನ್ನು ಅಲ್ಲೇ ಕಲಿತದ್ದು. ಗಂಡ ಹುಲ್ಲಿನ ತಳಿಗಳ ಸಂಶೋಧಕರಾಗಿ ಇಲ್ಲಿನ ಯೂನಿವರ್ಸಿಟಿಗೆ ಬಂದವರು, ಮಗಳು ಇನ್ನೂ ಶಾಲೆಯಲ್ಲಿದ್ದಾಗಲೇ ಎದೆನೋವಿನಿಂದ ಹೋಗಿಬಿಟ್ಟರು. ಆಂಟಿ ಊರಿಗೆ ಮರಳಲಿಲ್ಲ. "ಮಗು ಓದು ಇಲ್ಲಿ ಶುರುವಾಗಿತ್ತು. ನಾನು ಹೋಗಿ ಯಾರ ಮನೇಲಿ ಕೂತ್ಕೊಳ್ಳಲಿ?" ಎಂದಿದ್ದರು ಒಮ್ಮೆ. ಹರಾಜಿನ ಮಳಿಗೆಯೊಂದರಲ್ಲಿ ಕೆಲಸ ಹಿಡಿದರು. ತೀರಿಕೊಂಡವರ ಮನೆಗಳಿಂದ ಬರುವ ಸಾಮಾನುಗಳನ್ನು ಬಿಚ್ಚಿ ಬೇರೆ ಬೇರೆ ಮಾಡುವ ಕೆಲಸ. ಹೊಲಿಗೆ ಡಬ್ಬಿಗಳಲ್ಲಿ, ಬೈಬಲ್ಲಿನ ಪುಟಗಳ ನಡುವೆ, ಕೋಟಿನ ಒಳಜೇಬುಗಳಲ್ಲಿ ಆಗಾಗ ಅಮೆರಿಕದ ಬೆಳ್ಳಿ ನಾಣ್ಯ ಸಿಗುತ್ತಿತ್ತು. ಮಳಿಗೆಯವರಿಗೆ ಅದೇನೆಂದು ತಿಳಿಯುತ್ತಿರಲಿಲ್ಲ. ಆಂಟಿ ಲೈಬ್ರರಿಯಿಂದ ಪುಸ್ತಕ ತಂದು ಓದಿದರು. ಓದುತ್ತ ಓದುತ್ತ ಅದೇ ಅವರ ಲೋಕವಾಯಿತು. ತಾವೂ ಕೆಲವನ್ನು ಕೂಡಿಟ್ಟರು. ಹೆಚ್ಚಾಗಿ ಬೇರೆಯವರದನ್ನು ನೋಡಿಕೊಟ್ಟರು. ಸುತ್ತಲಿನ ಊರುಗಳಾದ ವಾಂಗನೂಯಿ, ಲೆವಿನ್ ಕಡೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ನೋಡಿದ್ದಕ್ಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲವಾದ್ದರಿಂದ ಅವರ ಮನೆಯಲ್ಲಿ ಯಾವಾಗಲೂ ಯಾರದೋ ಹಿತ್ತಿಲ ನಿಂಬೆಹಣ್ಣು, ಫೀಜೋವಾ ಹಣ್ಣು ತುಂಬಿರುತ್ತಿದ್ದವು. ಆ ಫೀಜೋವಾದಿಂದ ಅವರು ಮಾಡುತ್ತಿದ್ದ ಗೊಜ್ಜಿನ ರುಚಿ ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಯುಗಾದಿಗೆ ನಾವೆಲ್ಲ ಸೇರಿದ್ದಾಗ ಒಬ್ಬರು ಕೇಳಿದರು, "ಅಲ್ಲ ಆಂಟಿ, ನಮ್ಮ ಮೈಸೂರು ಸಂಸ್ಥಾನದ ನಾಣ್ಯಾನೇ ಅಷ್ಟಿವೆ. ಅದು ಬಿಟ್ಟು ಈ ಅಮೆರಿಕದ್ದು ಯಾಕೆ?"

"ಅವನ್ನ ನೋಡ್ಕೊಳೋಕೆ ಅಲ್ಲಿ ಜನ ಇದಾರಪ್ಪ. ಇವು ಎಲ್ಲಿಂದಲೋ ಬಂದು ಇಲ್ಲಿ ಉಳ್ಕೊಂಡಿವೆ," ಎಂದರು ಆಂಟಿ, ಪಾಯಸದ ಬಟ್ಟಲು ಕೆಳಗಿಡುತ್ತ.

ಕೆಟ್ಟ ಸುದ್ದಿ ಹೇಳುವಾಗ ಅವರದೇ ಒಂದು ರೀತಿಯಿತ್ತು. ಖೋಟಾ, ನಕಲಿ ಎಂಬ ಮಾತನ್ನು ಬಾಯಿಗೆ ತರುತ್ತಿರಲಿಲ್ಲ. "ಇದು ಅದಲ್ಲ," ಎನ್ನುತ್ತಿದ್ದರು, ಅಷ್ಟೇ. ನಾಣ್ಯವನ್ನು ಎರಡೂ ಕೈಯಲ್ಲಿ ಹಿಂದಿರುಗಿಸುತ್ತಿದ್ದರು. ಅಜ್ಜನ ಕಾಲದಿಂದ ಜೋಪಾನ ಮಾಡಿದ್ದು ಬರೀ ಸೀಸ ಎಂದು ಗೊತ್ತಾದವನೊಬ್ಬ ಅವರೆದುರೇ ಅದನ್ನು ಕಸದ ಬುಟ್ಟಿಗೆ ಎಸೆದ. ಆಂಟಿ ಎದ್ದು ಹೋಗಿ ಬುಟ್ಟಿಯಿಂದ ತೆಗೆದು, ತೊಳೆದು, ಒರೆಸಿ ಅವನ ಕೈಗಿಟ್ಟರು. "ನಿಮ್ಮ ಅಜ್ಜ ಇದನ್ನು ಇಟ್ಟುಕೊಂಡಿದ್ದು ಸುಳ್ಳಲ್ಲವಲ್ಲ," ಎಂದರು.

ತಿಂಗಳಿಗೊಮ್ಮೆ ಚರ್ಚೊಂದರ ಹಿಂದಿನ ಸಭಾಂಗಣದಲ್ಲಿ ನಾಣ್ಯ ಕ್ಲಬ್ಬಿನ ಸಭೆ. ಹತ್ತಾರು ಮುದುಕರು, ಅವರ ನಡುವೆ ಈ ಸೀರೆಯ ಆಂಟಿ. ಅವರನ್ನು ಕರೆದುಕೊಂಡು ಹೋಗಲು ತಪ್ಪದೆ ಬರುತ್ತಿದ್ದವರು ಕೆನ್. ಕುರಿ ಸಾಗಿಸುವ ಲಾರಿ ಓಡಿಸಿ ನಿವೃತ್ತರಾದವರು, ಹೆಂಡತಿಯನ್ನು ಕಳೆದುಕೊಂಡವರು. ತಮ್ಮ ಕೆಸರು ಮೆತ್ತಿದ ಯೂಟ್ ಎಂಬ ತೆರೆದ ಹಿಂಬದಿಯ ಸಾಮಾನು ಗಾಡಿಯನ್ನು ಆಂಟಿಗಾಗಿ ಅವತ್ತು ಮಾತ್ರ ತೊಳೆಯುತ್ತಿದ್ದರು. ದಾರಿಯುದ್ದಕ್ಕೂ ಇಬ್ಬರದೂ ವಾದ. ನಾಣ್ಯ ಕ್ಲಬ್ಬೆಂದರೆ ಮೊದಮೊದಲು ನಗುತ್ತಿದ್ದ ನಾನು ಆಮೇಲಾಮೇಲೆ ಆ ಯೂಟಿನ ಹಿಂದಿನ ಸೀಟಿನಲ್ಲಿ ಕೂತು ಹೋಗತೊಡಗಿದೆ. ಅವರಿಬ್ಬರು ಆಡುತ್ತಿದ್ದ ಇಂಗ್ಲಿಷನ್ನು ಕನ್ನಡದಲ್ಲಿ ಬರೆಯುವಾಗ ಏಕವಚನವೇ ಸರಿ ಎನ್ನಿಸುತ್ತದೆ. ಅಷ್ಟು ಸಲಿಗೆ.

ಕೆನ್ ಕೂಡಿಡುತ್ತಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೋದ ಟಂಕಸಾಲೆಯಲ್ಲಿ ಅಚ್ಚಾದ ದೊಡ್ಡ ಬೆಳ್ಳಿ ಡಾಲರುಗಳನ್ನು. ಒಂದು ಬದಿಗೆ ಹೆಣ್ಣಿನ ಮುಖ, ಇನ್ನೊಂದು ಬದಿಗೆ ಹದ್ದು. ಹದ್ದಿನ ಕೆಳಗೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿ 'ಎಸ್' ಎಂಬ ಅಕ್ಷರ. ಅದೇ ಆ ಟಂಕಸಾಲೆಯ ಗುರುತು. ಕೆನ್‌ರ ನಾಣ್ಯ ಜೋಡಿಸಿಡುವ ತಟ್ಟೆಯಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಗುಳಿ. ಎಲ್ಲ ತುಂಬಿದ್ದವು, ಸಾವಿರದ ಎಂಟುನೂರ ತೊಂಬತ್ತಮೂರರದೊಂದು ಬಿಟ್ಟು. ಆ ವರ್ಷ ಅಲ್ಲಿ ಅಚ್ಚಾದದ್ದೇ ಕಡಿಮೆ. ಆದ್ದರಿಂದ ಅದೇ ವರ್ಷ ಬೇರೆ ಟಂಕಸಾಲೆಯಲ್ಲಾದ, ಅಕ್ಷರವಿಲ್ಲದ ಡಾಲರಿಗೆ ಸಣ್ಣ ಎಸ್ ಅಂಟಿಸಿ ಮಾರುವವರಿದ್ದಾರೆ. ಬೆಳ್ಳಿ ಅಸಲಿ, ತೂಕ ಸರಿ, ಸದ್ದೂ ಸರಿ. ಆ ಒಂದು ಅಕ್ಷರ ಮಾತ್ರ ಸುಳ್ಳು. ಅದನ್ನು ಕಂಡುಹಿಡಿಯಲು ಕಣ್ಣೇ ಬೇಕು. ಅಸಲಿಯಲ್ಲಿ ಆ ಹೆಣ್ಣಿನ ತಲೆಪಟ್ಟಿಯ ಮೇಲಿನ 'ಲಿಬರ್ಟಿ' ಎಂಬ ಪದದ ಟಿ ಅಕ್ಷರದಲ್ಲಿ ಕೂದಲೆಳೆಯಂಥ ಓರೆ ಗೀರೊಂದು ಇರುತ್ತದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ಆಂಟಿಯೇ.

ಅವರ ಕಣ್ಣು ಹೋಗುತ್ತಿದ್ದದ್ದು ನಮಗ್ಯಾರಿಗೂ ತಿಳಿಯಲಿಲ್ಲ. ಮಾತಾಡುವಾಗ ಮುಖವನ್ನು ತುಸು ಪಕ್ಕಕ್ಕೆ ತಿರುಗಿಸತೊಡಗಿದ್ದರು. ಕಿವಿ ಮಂದವಾಗಿರಬೇಕು ಅಂದುಕೊಂಡೆವು. ಕಾರನ್ನು ಮಾರಿ, ಈ ಊರಲ್ಲಿ ನಡೆದೇ ಓಡಾಡಬಹುದು, ಎಲ್ಲ ಸಪಾಟು ಎಂದರು. ನಿಜವಾಗಿ ಆಗಿದ್ದೇನೆಂದರೆ ನೋಟದ ನಡುಭಾಗವೇ ಮಸುಕಾಗುತ್ತ ಬಂದಿತ್ತು. ಎದುರಿಗಿರುವವರ ಭುಜ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಡಾಕ್ಟರು ಹೇಳಿದ್ದನ್ನು ಅವರು ಮೆಲ್ಬರ್ನಿನಲ್ಲಿದ್ದ ಮಗಳಿಗೂ ಹೇಳಿರಲಿಲ್ಲ. ನಾಣ್ಯ ತಂದವರಿಗೆ ಮಾತ್ರ ಹಿಂದಿನಂತೆಯೇ ಟವೆಲ್ ಹಾಸುತ್ತಿದ್ದರು. ತೂಗುತ್ತಿದ್ದರು, ಬೆರಳ ತುದಿಯಲ್ಲಿ ಆಡಿಸುತ್ತ ಮೆಲ್ಲಗೆ ತಟ್ಟಿ ಬೆಳ್ಳಿಯ ಸದ್ದು ಕೇಳುತ್ತಿದ್ದರು, ಅಂಚನ್ನು ಉಗುರಿನಿಂದ ಸವರುತ್ತಿದ್ದರು. ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಲೂ ಇದ್ದರು.

ಆ ಹೊತ್ತಿಗೆ ನೆಲ್ಸನ್ ಊರಿನಲ್ಲಿ ಯಾರೋ ಸಂಗ್ರಾಹಕರು ತೀರಿಕೊಂಡು, ಅವರ ಮನೆಯವರ ಬಳಿ ಆ ತೊಂಬತ್ತಮೂರರ ಡಾಲರು ಇದೆಯೆಂದು ಕೆನ್‌ರಿಗೆ ಗೊತ್ತಾಯಿತು. ನೋಡಿ ತೀರ್ಮಾನಿಸಿ ಎಂದು ಅವರು ಕೆಲವು ದಿನಗಳ ಮಟ್ಟಿಗೆ ಕಳಿಸಿಕೊಟ್ಟರು. ಕೆನ್ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ನೇರ ಆಂಟಿಯ ಅಡುಗೆಮನೆಗೆ ಬಂದರು. ನಾನು ಅಲ್ಲೇ ಒಲೆಯ ಮುಂದೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ.

"ನೀನು ಹೌದು ಅಂದರೆ ಮಾತ್ರ ತಗೊಳ್ಳೋದು," ಎಂದರು ಕೆನ್.

ಆಂಟಿ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ತೂಗಿದರು, ತಟ್ಟಿದರು, ಮತ್ತೆ ತಟ್ಟಿದರು. ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ನಾನು ರವೆ ಸೀಯುತ್ತದೆಂದು ಒಲೆ ಆರಿಸಿದೆ.

"ಕೆನ್, ಇದು ಅದೇ," ಎಂದರು.

ಕೆನ್ ಕುರ್ಚಿಯಲ್ಲಿ ಕೂತು ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಈ ಹುಡುಕಾಟವನ್ನು ಶುರುಮಾಡಿದ್ದು ಅವರೂ ಅವರ ಹೆಂಡತಿಯೂ ಸೇರಿ ಎಂದು ನನಗೆ ಗೊತ್ತಾದದ್ದು ಆಗಲೇ. ಆಂಟಿ ಕಿಟಕಿಯ ಬಳಿಯೇ ನಿಂತಿದ್ದರು, ಹತ್ತಿರ ಬರಲಿಲ್ಲ.

ಮುಂದಿನ ಸಭೆಯಲ್ಲಿ ತುಂಬಿದ ತಟ್ಟೆ ಕಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲವು ತಿಂಗಳ ನಂತರ ವೆಲ್ಲಿಂಗ್ಟನ್ನಿನಿಂದ ಒಬ್ಬ ಹೊಸ ಸದಸ್ಯ ಬಂದ. ಅವನು ಸಣ್ಣ ಕ್ಯಾಮೆರಾವೊಂದನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ನಾಣ್ಯವನ್ನು ಪ್ರೊಜೆಕ್ಟರಿನಿಂದ ಗೋಡೆಯ ತುಂಬ ಭಾಗ ಭಾಗವಾಗಿ ತೋರಿಸುತ್ತಿದ್ದ. ಎಲ್ಲರಿಗೂ ಖುಷಿ. ತಮ್ಮದನ್ನು ತೋರಿಸು, ತಮ್ಮದನ್ನು ತೋರಿಸು ಎಂದು ಸಾಲು ನಿಂತರು. ಕೆನ್ ತಮ್ಮ ಡಾಲರನ್ನು ಕೊಟ್ಟರು. ಹದ್ದಿನ ಬಾಲ, ಕೆಳಗಿನ ಎಲೆಗಳು, ಆಮೇಲೆ ಎಸ್. ಮಾತಾಡುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು.

ಆಂಟಿ ನನ್ನ ಮುಂಗೈ ಹಿಡಿದರು. "ಶೈಲಾ, ಏನು ಕಾಣ್ತಿದೆ ಹೇಳು."

ಅವರಿಗೆ ಗೋಡೆಯ ಮೇಲಿನದೂ ಕಾಣುತ್ತಿಲ್ಲವೆಂದು ನನಗೆ ಆ ಕ್ಷಣದಲ್ಲಿ ತಿಳಿಯಿತು.

"ಎಸ್ ಸುತ್ತ ಒಂದ್ ಗೆರಿ ಐತ್ರಿ ಆಂಟಿ. ಅಂಟಿಸಿದಂಗ ಕಾಣಸ್ತದ."

"ಮುಂದಿನ ಕಡೆ ತಿರುಗಿಸೋಕೆ ಹೇಳು. ಟಿ ಒಳಗೆ ಗೀರಿದೆಯಾ?"

ತಿರುಗಿಸಿದರು. ಟಿ ಅಕ್ಷರ ಕೈಯಗಲ ಕಾಣುತ್ತಿತ್ತು. "ಇಲ್ರಿ," ಎಂದೆ.

ಆಂಟಿ ಎದ್ದು ನಿಂತರು. ಯಾರೂ ಏನನ್ನೂ ಕೇಳಿರಲಿಲ್ಲ. ನಯವಾಗಿ ಮಾಡಿದ್ದಾರೆ, ಯಾರಾದರೂ ಮೋಸಹೋಗುತ್ತಿದ್ದರು ಎಂದು ಯಾರೋ ಗೊಣಗಿದ್ದೂ ಕೇಳಿಸಿತ್ತು. ಅಲ್ಲಿಗೇ ಬಿಟ್ಟಿದ್ದರೆ ಮುಗಿಯುತ್ತಿತ್ತು.

"ನಾನು ಮೋಸಹೋದದ್ದಲ್ಲ," ಎಂದರು. "ನನಗೆ ಕಣ್ಣು ಕಾಣುತ್ತಿಲ್ಲ. ವರ್ಷದ ಮೇಲಾಯಿತು. ಈ ಟಿ ಅಕ್ಷರವನ್ನು ನಾನು ನೋಡಲೇ ಇಲ್ಲ. ನೋಡದೆ ಹೌದು ಅಂದೆ."

ಕೆನ್ ತಮ್ಮ ಡಾಲರನ್ನು ತೆಗೆದುಕೊಂಡರು. ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ಯೂಟ್ ಹೊರಟ ಸದ್ದು ಕೇಳಿಸಿತು. ಅವತ್ತು ನಾವಿಬ್ಬರೂ ನಡೆದು ಮನೆಗೆ ಬಂದೆವು. ದಾರಿಯಲ್ಲಿ ಆಂಟಿ ಒಂದೇ ಮಾತು ಆಡಿದರು, "ಚಪ್ಪಲಿ ಕಚ್ತಿದೆ," ಎಂದು.

ಮರುದಿನ ಬೆಳಿಗ್ಗೆಯೇ ಆಂಟಿಯ ಫೋನು ಬಂತು. ಕಣ್ಣು ಮಸುಕಾದಂದಿನಿಂದ ಈಚೆಗೆ ತಾವು ನೋಡಿ ಹೇಳಿದ ಎಲ್ಲವನ್ನೂ ಮತ್ತೆ ನೋಡಬೇಕು, ನೀನು ಕಾರು ಓಡಿಸುತ್ತೀಯಾ ಎಂದು ಕೇಳಿದರು. ಯಾರ ಮನೆಯಲ್ಲಿ ಯಾವ ನಾಣ್ಯ ಎಂಬುದೆಲ್ಲ ಅವರ ನೆನಪಿನಲ್ಲೇ ಇತ್ತು. ನಾನು ಅಂಥದ್ದೇ ಒಂದು ಕ್ಯಾಮೆರಾ ಕೊಂಡೆ. ವಾರಾಂತ್ಯಗಳಲ್ಲಿ ಫೀಲ್ಡಿಂಗ್, ಲೆವಿನ್, ವಾಂಗನೂಯಿ ಎಂದು ಊರೂರು ತಿರುಗಿದೆವು. ಪ್ರತಿ ಬಾಗಿಲಲ್ಲೂ ಅದೇ ಮಾತು: ಅವತ್ತು ನಾನು ನೋಡಿರಲಿಲ್ಲ, ಇವತ್ತು ಈ ಹುಡುಗಿಯ ಕಣ್ಣಿನಿಂದ ನೋಡುತ್ತೇನೆ. ನಾನು ಪರದೆ ನೋಡಿ ಕಂಡದ್ದನ್ನು ಕನ್ನಡದಲ್ಲಿ ಹೇಳುವುದು, ಅವರು ಮತ್ತೆ ಮತ್ತೆ ಪ್ರಶ್ನೆ ಕೇಳುವುದು. ಗೆರೆ ಉಬ್ಬಿದೆಯಾ ಕೊರೆದಿದೆಯಾ, ಅಂಚಿನ ಹಲ್ಲು ಸಮನಾಗಿದೆಯಾ, ಬಣ್ಣ ಎಲ್ಲಿ ಬದಲಾಗುತ್ತದೆ. ನನ್ನ ಭಾಷೆಯಲ್ಲಿ ಹೇಳಿದ್ದು ಕೆಲವೊಮ್ಮೆ ಅವರಿಗೆ ತಿಳಿಯುತ್ತಿರಲಿಲ್ಲ. "ಅದೇನು ತಗ್ಗು ಅಂತೀಯಲ್ಲ, ಹಳ್ಳಾನಾ?" ಎಂದು ಕೇಳುತ್ತಿದ್ದರು. ಆಗ ಮಾತ್ರ ಇಬ್ಬರೂ ಸ್ವಲ್ಪ ನಗುತ್ತಿದ್ದೆವು.

ಹೆಚ್ಚಿನವರು ಒಳಗೆ ಕರೆದು ಟೀ ಕೊಟ್ಟರು. ಲೆವಿನ್ನಿನ ಅಜ್ಜಿಯೊಬ್ಬರು, "ನೀನು ಅವತ್ತು ಹೇಳಿದ್ದೇ ನನಗೆ ಸಾಕು, ತೆಗೆಯೋದು ಬೇಡ," ಎಂದು ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಆಂಟಿ ಒತ್ತಾಯಿಸಲಿಲ್ಲ. ವಾಂಗನೂಯಿಯಲ್ಲಿ ಒಬ್ಬರು ಬಾಗಿಲನ್ನು ಅರ್ಧ ತೆರೆದು, "ಕಣ್ಣಿಲ್ಲದವಳಿಗೆ ಈ ಕೆಲಸ ಯಾಕೆ ಬೇಕಿತ್ತು?" ಎಂದು ಕೇಳಿ ಮುಚ್ಚಿಕೊಂಡರು. ನನಗೆ ಸಿಟ್ಟು ಬಂತು. ಕಾರಿಗೆ ಬಂದು ಬೆಲ್ಟ್ ಹಾಕಿಕೊಳ್ಳುತ್ತ ಆಂಟಿ ಹೇಳಿದರು, "ಸರಿಯಾಗೇ ಕೇಳಿದರಲ್ಲಮ್ಮ."

ಕೊನೆಗೆ ಗೊತ್ತಾದದ್ದು ಇಷ್ಟು: ನಾವು ಮತ್ತೆ ನೋಡಿದವುಗಳಲ್ಲಿ ಎಲ್ಲವೂ ಅವರು ಹೇಳಿದ್ದಂತೆಯೇ ಇದ್ದವು. ಕಿವಿ, ಬೆರಳು ಅವರಿಗೆ ಎಲ್ಲಿಯೂ ಕೈಕೊಟ್ಟಿರಲಿಲ್ಲ. ತಪ್ಪಾದದ್ದು ಒಂದೇ, ಅದು ಕೆನ್‌ರದು. ಸಮಾಧಾನವಾಗಲೆಂದು ನಾನು ಇದನ್ನು ಎತ್ತಿ ಆಡಿದೆ. "ಬೇರೆ ಯಾರದಾದ್ರೂ ಆಗಬಾರದಿತ್ತಾ," ಎಂದರು ಆಂಟಿ.

ಕೆನ್ ಫೋನು ಎತ್ತುತ್ತಿರಲಿಲ್ಲ. ಆಂಟಿಗೆ ಹೇಳದೆ ನಾನೊಮ್ಮೆ ಅವರ ಮನೆಗೆ ಹೋದೆ. ಗ್ಯಾರೇಜಿನಲ್ಲಿ ಏನನ್ನೋ ರಿಪೇರಿ ಮಾಡುತ್ತಿದ್ದರು. ಕೈ ಒರೆಸಿಕೊಂಡು ಕೂರಲು ಸ್ಟೂಲು ಕೊಟ್ಟರು.

"ನಾಣ್ಯ ಹಾಳಾಗಿ ಹೋಗಲಿ," ಎಂದರು. "ಅವಳ ಅಡುಗೆಮನೆಯಲ್ಲಿ ಕೂತು ನಾನು ಅತ್ತೆ. ನೀನೂ ಇದ್ದೆ. ತಾನು ನೋಡಿಲ್ಲ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಅಳೋಕೆ ಬಿಟ್ಟಳು."

ನಾನು ಸ್ಟೂಲನ್ನು ಗೋಡೆಗೆ ಸರಿಸಿಟ್ಟು ಎದ್ದು ಬಂದೆ.

ಆಂಟಿ ಕ್ಲಬ್ಬಿಗೆ ಹೋಗುವುದನ್ನು ಬಿಟ್ಟರು. ಜನ ಬರುವುದೂ ನಿಂತಿತು. ಹೊಸ ಸದಸ್ಯನ ಕ್ಯಾಮೆರಾ ಇತ್ತಲ್ಲ. ಮಗಳು ಬಂದು ಮೆಲ್ಬರ್ನಿಗೆ ಕರೆದಳು, ಒಪ್ಪಲಿಲ್ಲ. ಮನೆಯಲ್ಲಿ ಗೋಡೆ ಹಿಡಿದು ಓಡಾಡುತ್ತ, ರೇಡಿಯೊ ಕೇಳುತ್ತ, ನಾನು ಹೋದಾಗ ಹುಬ್ಬಳ್ಳಿಯ ಸುದ್ದಿ ಕೇಳುತ್ತ ಇದ್ದರು. ಹೋದ ಚಳಿಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಆಮೇಲೆ ಎದೆಯಲ್ಲಿ ಕಫ ಕಟ್ಟಿತು. ಡಾಕ್ಟರು ಮಗಳನ್ನು ಕರೆಸಿಕೊಳ್ಳಿ ಎಂದರು. ನಾನು ಮಗಳಿಗೆ ಫೋನು ಮಾಡಿದೆ, ಆಮೇಲೆ ಕೆನ್‌ರಿಗೂ ಒಂದು ಮೆಸೇಜು ಕಳಿಸಿದೆ. ಬರುತ್ತಾರೆಂದು ಅಂದುಕೊಂಡಿರಲಿಲ್ಲ.

ಮಧ್ಯಾಹ್ನ ಕೆನ್ ಆಸ್ಪತ್ರೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಮಂಚದ ಕಾಲ ಬಳಿ ನಿಂತರು. ಹೆಜ್ಜೆಯ ಸದ್ದಿನಿಂದಲೇ ಆಂಟಿಗೆ ಗೊತ್ತಾಯಿತು.

"ಕೆನ್, ತಟ್ಟೆಯ ಆ ಗುಳಿಯಲ್ಲಿ ಈಗ ಏನಿಟ್ಟಿದ್ದೀಯ?" ಎಂದು ಕೇಳಿದರು. ಉಸಿರು ಸಾಲುತ್ತಿರಲಿಲ್ಲ.

"ಏನೂ ಇಲ್ಲ. ಖಾಲಿ ಇದೆ."

"ಹಾಗೇ ಇರಲಿ."

ಕೆನ್ ಕುರ್ಚಿ ಎಳೆದುಕೊಂಡು ಕೂತರು. "ಯಾಕೆ ಹಾಗೆ ಮಾಡಿದೆ?" ಎಂದರು. ಜಗಳದ ದನಿಯಿರಲಿಲ್ಲ. ತಿಳಿಯದೇ ಕೇಳುವವರ ಹಾಗೆ ಕೇಳಿದರು.

"ಕಾಣ್ತಿಲ್ಲ ಅಂದಿದ್ದರೆ ನೀನು ಬೇರೆಯವರ ಹತ್ತಿರ ತಗೊಂಡು ಹೋಗ್ತಿದ್ದೆ," ಎಂದರು ಆಂಟಿ.

ಕೆನ್ ತುಸು ಯೋಚಿಸಿದರು. ಸಮಾಧಾನದ ಮಾತೊಂದನ್ನು ಆಡಿಬಿಡಬಹುದಿತ್ತು. ಆಡಲಿಲ್ಲ.

"ಹೋಗ್ತಿದ್ದೆ," ಎಂದರು. "ಹೋಗಿ ತೋರಿಸಿ, ಅಲ್ಲಿಂದ ನೇರ ನಿನ್ನ ಮನೆಗೆ ಬರ್ತಿದ್ದೆ. ಅವರೇನಂದರು ಅಂತ ನಿನಗೆ ಹೇಳೋಕೆ."

ಕೆನ್ ಹೊದಿಕೆಯ ಮೇಲಿದ್ದ ಅವರ ಕೈಯನ್ನು ಹಿಡಿದುಕೊಂಡು, ನರ್ಸು ಬಂದು ಹೇಳುವ ತನಕ ಕೂತಿದ್ದರು. ಹೊರಡುವಾಗ ನಾಳೆ ಬರುತ್ತೇನೆ ಎಂದರು. ಮರುದಿನ ಬಂದಾಗ ಆಂಟಿ ಇರಲಿಲ್ಲ.

ಅವತ್ತು ಕೆನ್ ಹೋದ ಮೇಲೆ ನಾನು ದಿಂಬು ಸರಿಮಾಡಿ, ನೀರು ಕುಡಿಸಿ, ನಿದ್ದೆ ಮಾಡ್ರಿ ಆಂಟಿ ಎಂದೆ. ಅವರು ಕಣ್ಣು ಮುಚ್ಚಿದರು. ನಿದ್ದೆ ಬಂದಿತೆಂದು ನಾನು ಎದ್ದು ಬಾಗಿಲ ತನಕ ಹೋಗಿದ್ದೆ.

"ಶೈಲಾ," ಎಂದರು. ತಿರುಗಿ ನೋಡಿದೆ. ಮುಖ ಕಿಟಕಿಯ ಕಡೆಗಿತ್ತು.

"ಕೆನ್ ಆಮೇಲೂ ನಮ್ಮನೆಗೆ ಬರ್ತಿದ್ದ ಅನ್ನೋದು ನನಗೆ ಹೊಳೀಲೇ ಇಲ್ಲ ನೋಡು," ಎಂದರು.